ಹಳೆಯ ಸಿ.ಡಿ. ಎಲ್ಲಿದೆ ಯಜಮಾನರೇ?

ಆಲೂರು ಕಡೆಯ ಶುಂಠಿ ಬೆಳೆಗಾರರೊಬ್ಬರು ಹಾಸನದ ನಮ್ಮ ವಿಕಿರಣ ಚಿಕಿತ್ಸೆಯ ಹೊರರೋಗಿ ವಿಭಾಗಕ್ಕೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲವಿತ್ತು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಫಿಲಂ, ರಕ್ತಪರೀಕ್ಷೆಯ ಚೀಟಿ, ಔಷಧದ ಬಿಲ್ಲು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಮೂರು ವರ್ಷಗಳ ಹಿಂದೆ ಗುದನಾಳದ ಕ್ಯಾನ್ಸರಿಗೆ ಬೇರೊಂದು ಊರಿನಲ್ಲಿ ವಿಕಿರಣ ಚಿಕಿತ್ಸೆ, ಆಮೇಲೆ ಶಸ್ತ್ರಚಿಕಿತ್ಸೆ ಆಗಿತ್ತು. ಈಗ ಕುಳಿತರೆ ನೋವು. ಅದು ಎಡತೊಡೆಯ ಹಿಂಬದಿಗೆ ಇಳಿಯುತ್ತಿತ್ತು. "ಇನ್ನೊಂದು ಸಲ ಕರೆಂಟ್ ಕೊಡಬಹುದೇ ಸ್ವಾಮಿ?" ಎಂದರು. ಕರೆಂಟ್ ಎಂದರೆ ವಿಕಿರಣ. ಎಲ್ಲೆಲ್ಲಿ ಎಷ್ಟು ವಿಕಿರಣ ಬಿದ್ದಿದೆ ಎಂಬ ಲೆಕ್ಕವಿರುವ, ಹಿಂದಿನ ಚಿಕಿತ್ಸೆಯ ಸಿ.ಡಿ. ಕೇಳಿದೆ. ಚೀಲದಲ್ಲಿ ಅದೊಂದು ಮಾತ್ರ ಇರಲಿಲ್ಲ.

ಮೊದಲ ಪ್ರಶ್ನೆ, ಅಲ್ಲಿರುವುದು ಕ್ಯಾನ್ಸರೋ ಹಳೆಯ ಗಾಯದ ಕಲೆಯೋ ಎಂಬುದು. ಶಸ್ತ್ರಚಿಕಿತ್ಸೆ, ವಿಕಿರಣ ಎರಡನ್ನೂ ಕಂಡ ಕಿಬ್ಬೊಟ್ಟೆಯಲ್ಲಿ ಬೆನ್ನೆಲುಬಿನ ಬುಡದಲ್ಲಿರುವ ಸೇಕ್ರಂ ಮೂಳೆಯ ಮುಂದೆ ಒಂದು ದಪ್ಪ ಪದರ ಬೆಳೆದಿರುತ್ತದೆ. ಸಿ.ಟಿ.ಯಲ್ಲಿ ಎರಡೂ ಒಂದೇ ಬೂದು ಬಣ್ಣ. ಎಂ.ಆರ್.ಐ.ನಲ್ಲಿ ಟಿ2 ಎಂಬ ಬಗೆಯ ಚಿತ್ರದಲ್ಲಿ ಹಳೆಯ ಕಲೆ ಕಪ್ಪಗೆ ಕಾಣುತ್ತದೆ, ಗೆಡ್ಡೆ ಅದಕ್ಕಿಂತ ತುಸು ಬೆಳ್ಳಗೆ. ಪೆಟ್ ಸ್ಕ್ಯಾನಿನಲ್ಲಿ, ರಕ್ತಕ್ಕೆ ಚುಚ್ಚಿದ ವಿಕಿರಣಶೀಲ ಸಕ್ಕರೆಯನ್ನು ಗೆಡ್ಡೆ ಹೀರಿಕೊಂಡು ಹೊಳೆಯುತ್ತದೆ. ಆದರೆ ಕೀವಾದ ಜಾಗವೂ ಹೊಳೆಯುತ್ತದೆ. ಹೊಳೆದದ್ದನ್ನೆಲ್ಲ ಕ್ಯಾನ್ಸರ್ ಎಂದು ಬಗೆದು ಪೇಚಿಗೆ ಸಿಕ್ಕವರಲ್ಲಿ ನಾನೂ ಒಬ್ಬ. ಸಾಧ್ಯವಿದ್ದಾಗಲೆಲ್ಲ ಸೂಜಿ ಹಾಕಿ ತುಣುಕು ತೆಗೆಸುತ್ತೇವೆ. ಇವರಿಗೆ ಆ ತುಣುಕಿನ ಪರೀಕ್ಷೆ, ಅಂದರೆ ಬಯಾಪ್ಸಿ, ಕ್ಯಾನ್ಸರ್ ಎಂದೇ ಹೇಳಿತು. ಗೆಡ್ಡೆ ಸೇಕ್ರಂನಿಂದ ಹೊರಡುವ ನರಗಳನ್ನು ಹಿಡಿದಿತ್ತು, ತೊಡೆಯ ನೋವು ಅದರದ್ದೇ. ಶಸ್ತ್ರಚಿಕಿತ್ಸಕರು ಪೂರ್ತಿ ತೆಗೆಯಲಾಗದು ಎಂದರು.

ವಿಕಿರಣದ ಲೆಕ್ಕ ಹಾಕುವುದಕ್ಕೆ ಸಿ.ಟಿ.ಯೇ ಬೇಕು, ಅಂಗಾಂಶ ಎಷ್ಟು ಸಾಂದ್ರ ಎಂಬ ಅಂಕಿ ಅದರಲ್ಲಿ ಸಿಗುತ್ತದೆ. ಚಿಕಿತ್ಸೆಯ ಮೇಜಿನಂತೆಯೇ ಚಪ್ಪಟೆಯಾದ ಹಲಗೆಯ ಮೇಲೆ ಮಲಗಿಸಿ, ಚರ್ಮದ ಮೇಲೆ ಸಾಸಿವೆ ಗಾತ್ರದ ಹಚ್ಚೆಯ ಚುಕ್ಕಿ ಇಡುತ್ತೇವೆ. ಅದಕ್ಕೆ ಮುಂಚೆ ನೀರು ಕುಡಿಸಿ ಅರ್ಧ ಗಂಟೆ ಕೂರಿಸುತ್ತೇವೆ. ಗುದನಾಳ ತೆಗೆದ ಖಾಲಿ ಜಾಗಕ್ಕೆ ಸಣ್ಣ ಕರುಳು ಜಾರಿ ಬಂದಿರುತ್ತದೆ, ತುಂಬಿದ ಮೂತ್ರಕೋಶ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ಅರ್ಧ ಗಂಟೆ ರೋಗಿಗಳು ನಮಗೆ ಹಾಕುವ ಶಾಪ ನ್ಯಾಯವಾದದ್ದೇ.

ಇನ್ನು, ಗೆಡ್ಡೆ ಬೇರೆಯಾಗಿ ಕಾಣುವ ಎಂ.ಆರ್.ಐ.ಯನ್ನು ಈ ಸಿ.ಟಿ.ಯ ಮೇಲೆ ಕೂರಿಸಬೇಕು. ಹಳೆಯ ಗ್ರಾಮನಕ್ಷೆಯ ಮೇಲೆ ಹೊಸ ಸರ್ವೆ ಇಡುವವರು ಮೊದಲು ಬಾಂದುಕಲ್ಲು ಹುಡುಕುವುದಿಲ್ಲವೇ, ಹಾಗೆ. ನಮಗೆ ಸೇಕ್ರಂ, ಸೊಂಟದ ಮೂಳೆಗಳೇ ಬಾಂದುಕಲ್ಲು. ಅವು ಕೂಡಿದರೆ ಅರ್ಧ ಕೆಲಸ ಆಯಿತು. ಕರುಳು, ಮೂತ್ರಕೋಶಗಳು ಮಾತ್ರ ಮಳೆಗಾಲದ ಹಳ್ಳದ ಹಾಗೆ. ನಿನ್ನೆಯ ಚಿತ್ರದಲ್ಲಿದ್ದ ಜಾಗದಲ್ಲಿ ಇಂದು ಇರುವುದಿಲ್ಲ. ಕಂಪ್ಯೂಟರ್ ತಾನೇ ಹೊಂದಿಸಿ ಕೊಟ್ಟದ್ದನ್ನು ನಂಬದೆ, ಒಂದೊಂದು ಸ್ಲೈಸನ್ನೂ ಹಿಂದೆ ಮುಂದೆ ಸರಿಸಿ ನೋಡಿಯೇ ಗೆಡ್ಡೆಯ ಅಂಚು ಬರೆಯುತ್ತೇನೆ.

ಇಷ್ಟಾದ ಮೇಲೂ ಆ ಸಿ.ಡಿ. ಬೇಕು. ಮೊದಲ ಸಲ ಸಾಮಾನ್ಯವಾಗಿ 28 ಕಂತುಗಳಲ್ಲಿ 50.4 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಇಲ್ಲವೇ 5 ಕಂತುಗಳಲ್ಲಿ 25 ಗ್ರೇ ಕೊಟ್ಟಿರುತ್ತಾರೆ. ಆ ಬಾಕಿ ಕರುಳಿನ ಲೆಕ್ಕದಲ್ಲಿ ಉಳಿದಿರುತ್ತದೆ. ವರ್ಷ ಕಳೆದಂತೆ ಒಂದಿಷ್ಟು ಮನ್ನಾ ಆಗುತ್ತದೆ, ಪೂರ್ತಿ ಅಲ್ಲ. ಕರುಳಿನ ಯಾವ ಸುರುಳಿಯ ಮೇಲೆ ಎಷ್ಟು ಬಿದ್ದಿದೆ ಎಂಬುದು ತಿಳಿಯದೆ ಎರಡನೆಯ ಸಲ ಕೊಟ್ಟರೆ ಕರುಳು ತೂತಾಗಬಹುದು, ಕಟ್ಟಿಕೊಳ್ಳಬಹುದು. ಇವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಇದ್ದದ್ದು "ರೇಡಿಯೇಷನ್ ಮುಗಿದಿದೆ" ಎಂಬ ಒಂದು ಸಾಲು. ಅಂಥ ಕಾರ್ಡು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮಗ ಎರಡು ಸಲ ಆ ಊರಿಗೆ ಹೋಗಿ ಬಂದು ಮೂರನೆಯ ಸಲಕ್ಕೆ ಪೆನ್‌ಡ್ರೈವ್ ತಂದ. ಹಳೆಯ ಡೋಸಿನ ಗೆರೆಗಳನ್ನು ಹೊಸ ಚಿತ್ರದ ಮೇಲೆ ಹಾಸಿದಾಗ ಗೆಡ್ಡೆಯ ಮುಂಭಾಗಕ್ಕೆ ಅಂಟಿಕೊಂಡ ಒಂದು ಕರುಳಿನ ಸುರುಳಿ ಪೂರ್ತಿ ಆ ಗೆರೆಗಳ ಒಳಗೆ ಕಂಡಿತು. ಅಲ್ಲಿ ಡೋಸು ಕಡಿಮೆ ಮಾಡಿ, ಗೆಡ್ಡೆ ಹಿಡಿದ ನರಗಳ ಕಡೆ ಡೋಸು ಪೂರ್ತಿ ಬೀಳುವಂತೆ ಮಾಡಿದೆವು. ಒಂದು ಸಲಕ್ಕೆ 1.5 ಗ್ರೇ, ದಿನಕ್ಕೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ ಬಿಡುವು, ಒಟ್ಟು 30 ಗ್ರೇ. ಪ್ರತಿ ಸಲವೂ ಯಂತ್ರದ ಮೇಲೆಯೇ ಒಂದು ಸಣ್ಣ ಸಿ.ಟಿ. ತೆಗೆದು ಮೂಳೆ ಕೂಡಿದ ಮೇಲೆಯೇ ಗುಂಡಿ ಒತ್ತಿದ್ದು.

ಮುಗಿದು ಒಂದು ತಿಂಗಳಿಗೆ ಬಂದರು. ಗೆಡ್ಡೆ ಹೋಗಿಲ್ಲ, ಹೋಗುತ್ತದೆಂದು ನಾವು ಹೇಳಿಯೂ ಇರಲಿಲ್ಲ. ಆಲೂರಿನಿಂದ ಬಸ್ಸಿನಲ್ಲಿ ಕುಳಿತೇ ಬಂದೆ ಎಂದರು. ಹಿಂದಿನ ಸಲ ಕಂಬಿ ಹಿಡಿದು ನಿಂತು ಬಂದಿದ್ದರಂತೆ.