ಗಡ್ಡೆಯ ರಿಪೋರ್ಟಿನಲ್ಲಿ ‘ಎಂಎಸ್‌ಐ-ಹೈ’ ಅಂತ ಬಂದರೆ ಏನರ್ಥ?

ಓದುಗರ ಪ್ರಶ್ನೆ: ನಮ್ಮ ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಡಿಎನ್‌ಎ ರಿಪೋರ್ಟಿನಲ್ಲಿ ‘ಎಂಎಸ್‌ಐ-ಹೈ, ಸ್ಕೋರ್ 31’ ಅಂತಿದೆ. ಸಾಫ್ಟ್‌ವೇರ್ ಇದನ್ನು ಹೇಗೆ ಕಂಡುಹಿಡಿಯುತ್ತದೆ? ನಂಬಬಹುದಾ?

ಮೊದಲಿಗೆ, ‘ಹೈ’ ಅನ್ನುವ ಪದ ನೋಡಿ ಗಾಬರಿಯಾಗಬೇಡಿ. ಕ್ಯಾನ್ಸರ್ ಎಷ್ಟು ಹರಡಿದೆ ಅನ್ನುವುದನ್ನು ಈ ಸ್ಕೋರ್ ಹೇಳುವುದಿಲ್ಲ. ಎಂಎಸ್‌ಐ ಅಂದರೆ ‘ಮೈಕ್ರೋಸ್ಯಾಟಲೈಟ್ ಇನ್‌ಸ್ಟೆಬಿಲಿಟಿ’, ಅಂದರೆ ಡಿಎನ್‌ಎಯ ಕೆಲವು ಜಾಗಗಳಲ್ಲಿ ಅಕ್ಷರಗಳ ಎಣಿಕೆ ಅಸ್ಥಿರವಾಗಿರುವುದು.

ನಮ್ಮ ಡಿಎನ್‌ಎಯಲ್ಲಿ ಒಂದೇ ಅಕ್ಷರ ಸಾಲಾಗಿ ಬರುವ ಜಾಗಗಳು ತುಂಬಾ ಇವೆ. ಬ್ಯಾಟ್-26 ಅನ್ನುವ ಜಾಗದಲ್ಲಿ ‘ಎ’ ಅಕ್ಷರ 26 ಸಲ ಬರುತ್ತದೆ. ಸ್ಲೇಟಿನ ಮೇಲೆ 26 ‘ಲ’ಗಳನ್ನು ಒತ್ತೊತ್ತಾಗಿ ಬರೆದು, ನೋಡಿಕೊಂಡು ಮತ್ತೊಮ್ಮೆ ಬರೆಯಿರಿ, ಎಲ್ಲೋ ಒಂದು ಬಿಟ್ಟುಹೋಗಿರುತ್ತದೆ ಅಲ್ವಾ? ಜೀವಕೋಶ ಡಿಎನ್‌ಎ ನಕಲು ಮಾಡುವಾಗಲೂ ಇದೇ ತಪ್ಪಾಗುತ್ತದೆ. ತಿದ್ದುವ ಕೆಲಸ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅನ್ನುವ ಜೀನುಗಳದ್ದು. ಅವು ಕೆಟ್ಟರೆ ತಪ್ಪು ಉಳಿದುಬಿಡುತ್ತದೆ, ನಕಲಿನಿಂದ ನಕಲಿಗೆ ಜಾಸ್ತಿಯಾಗುತ್ತಾ ಹೋಗುತ್ತದೆ.

ಸಾಫ್ಟ್‌ವೇರ್ ಮಾಡುವುದು ಎಣಿಕೆ. 2014ರಲ್ಲಿ ಬಂದ ಎಂಎಸ್‌ಐಸೆನ್ಸರ್ ಅನ್ನೇ ತೆಗೆದುಕೊಳ್ಳಿ. ಅದು ಗಡ್ಡೆಯ ಡಿಎನ್‌ಎಯನ್ನು ಅದೇ ರೋಗಿಯ ರಕ್ತದ ಡಿಎನ್‌ಎ ಪಕ್ಕದಲ್ಲಿಟ್ಟು ನೋಡುತ್ತದೆ. ರಕ್ತದ ಹೆಚ್ಚಿನ ಡಿಎನ್‌ಎ ತುಣುಕುಗಳಲ್ಲಿ ‘ಎ’ಗಳ ಎಣಿಕೆ 26ರ ಆಸುಪಾಸಿನಲ್ಲೇ ಇದ್ದು, ಗಡ್ಡೆಯಲ್ಲಿ ಮಾತ್ರ 23, 20, 18 ಅಂತ ಚೆದುರಿದ್ದರೆ ಆ ಜಾಗ ಅಸ್ಥಿರ ಅಂತ ಲೆಕ್ಕ. ಹೀಗೆ ನೂರಾರು ಜಾಗ ನೋಡಿ, ಅಸ್ಥಿರವಾದವು ಶೇಕಡಾ ಎಷ್ಟು ಅಂತ ಹೇಳುತ್ತದೆ. ಅದೇ ಸ್ಕೋರ್. ನೂರಾರು ಜೀನುಗಳನ್ನು ಒಟ್ಟಿಗೆ ನೋಡುವ ದೊಡ್ಡ ಜೀನ್ ಪ್ಯಾನೆಲ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ‘ಹೈ’. ಬೇರೆ ಸಾಫ್ಟ್‌ವೇರಿನ ಗಡಿ ಬೇರೆ, ಹಾಗಾಗಿ ಯಾವುದು ಬಳಸಿದ್ದಾರೆ ಅಂತ ರಿಪೋರ್ಟಿನಲ್ಲಿ ನೋಡಿ.

ನಂಬಬಹುದು, ಆದರೆ ಸ್ಯಾಂಪಲ್ ಚೆನ್ನಾಗಿರಬೇಕು. ಬಯಾಪ್ಸಿ ತುಂಡಿನಲ್ಲಿ ಕ್ಯಾನ್ಸರ್ ಕೋಶಗಳಿಗಿಂತ ಮಾಮೂಲಿ ಕೋಶಗಳೇ ಜಾಸ್ತಿ ಇದ್ದರೆ ಸ್ಕೋರ್ ಸುಮ್ನೆ ಕೆಳಗಿಳಿದು, ‘ಹೈ’ ಇರುವ ಗಡ್ಡೆಯೂ ತಪ್ಪಿಹೋಗಬಹುದು. ಆ ನಾಲ್ಕು ಜೀನುಗಳ ಪ್ರೋಟೀನು ಗಡ್ಡೆಯಲ್ಲಿ ಇದೆಯಾ ಇಲ್ಲವಾ ಅಂತ ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆ ಇದೆ. ಖರ್ಚೂ ಕಡಿಮೆ. ಎರಡೂ ಒಂದೇ ಮಾತು ಹೇಳಿದರೆ ಅನುಮಾನವೇ ಬೇಡ.

ಈ ಎಣಿಕೆಯಿಂದ ಚಿಕಿತ್ಸೆಯೇ ಬದಲಾಗುತ್ತದೆ. ತಪ್ಪು ನಕಲುಗಳಿಂದ ವಿಚಿತ್ರ ಪ್ರೋಟೀನುಗಳು ಹುಟ್ಟುವುದರಿಂದ ಇಂಥ ಗಡ್ಡೆಯನ್ನು ದೇಹದ ರೋಗನಿರೋಧಕ ಶಕ್ತಿ ಗುರುತಿಸುವುದು ಸುಲಭ. 2017ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಡ್ಡೆ ಯಾವ ಅಂಗದಲ್ಲೇ ಇರಲಿ, ಬೇರೆ ಚಿಕಿತ್ಸೆಗೆ ಬಗ್ಗದ ಎಂಎಸ್‌ಐ-ಹೈ ರೋಗಿಗಳಿಗೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಔಷಧ, ಅಂದರೆ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ಬಳಸುವ ಔಷಧ, ಕೊಡಬಹುದು ಅಂತ ಒಪ್ಪಿತು. ನಿಮ್ಮ ತಂದೆಯವರಿಗೆ ಇಮ್ಯುನೊಥೆರಪಿ ಆಗುತ್ತದಾ ಅಂತ ಡಾಕ್ಟರನ್ನು ಖಂಡಿತ ಕೇಳಿ.

ಇನ್ನೊಂದು ವಿಷಯ ನಿಮಗೂ ಸೇರಿದ್ದು. ಎಂಎಸ್‌ಐ-ಹೈ ಬಹಳ ಸಲ ವಯಸ್ಸಾದ ಮೇಲೆ ಗಡ್ಡೆಯಲ್ಲಿ ಮಾತ್ರ ಆಗುವ ಬದಲಾವಣೆ, ವಂಶದ್ದಲ್ಲ. ಕೆಲವರಲ್ಲಿ ಮಾತ್ರ ಅದು ಹುಟ್ಟಿನಿಂದ ಬರುವ ಲಿಂಚ್ ಸಿಂಡ್ರೋಮ್, ಅಂದರೆ ತಿದ್ದುವ ಜೀನು ಕೆಟ್ಟೇ ವಂಶದಲ್ಲಿ ಬಂದಿರುವುದು. ತಂದೆಯವರ ರಕ್ತಪರೀಕ್ಷೆಯಲ್ಲಿ ಅದು ಕಂಡುಬಂದರೆ ನೀವು, ನಿಮ್ಮ ಒಡಹುಟ್ಟಿದವರು, ಅತ್ತೆ, ಚಿಕ್ಕಪ್ಪ ಎಲ್ಲರೂ ಪರೀಕ್ಷೆ ಮಾಡಿಸಬೇಕು. ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟಿರುವವರು 20–25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸುತ್ತಾ ಹೋದರೆ, ಗಂಟು ಕ್ಯಾನ್ಸರ್ ಆಗುವ ಮುಂಚೆಯೇ ತೆಗೆದುಹಾಕಬಹುದು.