ರೋಗ ಕಲಿಯಲು ಹೋದವರಿಗೆ ಆರೋಗ್ಯವಂತ ದೇಹದ ಪಾಠ ಯಾಕೆ?

ಪ್ರಶ್ನೆ: ನಮ್ಮ ಮಗಳು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮೊದಲ ವರ್ಷ. ಫಿಸಿಯಾಲಜಿ ಅಂತ ರಾತ್ರಿಯಿಡೀ ಬಾಯಿಪಾಠ ಮಾಡುತ್ತಾಳೆ. ರೋಗ ವಾಸಿ ಮಾಡುವವರಿಗೆ ಚೆನ್ನಾಗಿರುವ ದೇಹದ ಬಗ್ಗೆ ಇಷ್ಟೊಂದು ಯಾಕೆ ಕಲಿಸುತ್ತಾರೆ? (ಗದಗದ ಓದುಗರೊಬ್ಬರು)

ಉತ್ತರ: ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ವಿಷಯ, ಪಾಠ ಮಾಡುವ ನನಗೆ ಪ್ರತಿ ವರ್ಷ ಕ್ಲಾಸಿನ ಹುಡುಗರೂ ಇದನ್ನೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಹಾವೇರಿ ಕಡೆಯ ರೈತರೊಬ್ಬರು ಆಸ್ಪತ್ರೆಗೆ ಬಂದರು ಅಂದುಕೊಳ್ಳಿ. “ನಿನ್ನಿ ರಾತ್ರಿಯಿಂದ ವಾಂತಿ-ಭೇದಿ ಹತ್ಯಾವ್ರಿ, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ” ಅನ್ನುತ್ತಾರೆ. ಮಲಗಿಸಿ ನೋಡಿದರೆ ಬಿಪಿ 110/84. ನಾಡಿ ಮಾತ್ರ ನಿಮಿಷಕ್ಕೆ 120, ತೀರಾ ಜೋರು; ಅಂಗೈ ತಣ್ಣಗಿದೆ. 120/80 ಎಂಬ ಲೆಕ್ಕವನ್ನಷ್ಟೇ ಬಾಯಿಪಾಠ ಮಾಡಿದವರು ‘ಬಿಪಿ ಸರಿ ಇದೆ’ ಎಂದು ಮನೆಗೆ ಕಳಿಸಿಬಿಡಬಹುದು. ಫಿಸಿಯಾಲಜಿ ಅರ್ಥವಾದವರು ಕಳಿಸುವುದಿಲ್ಲ. ನೀರು, ಉಪ್ಪು ಹೊರಗೆ ಹೋಗಿ ರಕ್ತದ ಪ್ರಮಾಣ ಇಳಿದಿದೆ. ಕತ್ತಿನ ರಕ್ತನಾಳದಲ್ಲಿ ಒತ್ತಡ ಗ್ರಹಿಸುವ ನರತುದಿಗಳು ಮಿದುಳಿಗೆ ಸುದ್ದಿ ಮುಟ್ಟಿಸಿವೆ. ಅದಕ್ಕೇ ಹೃದಯ ಓಡುತ್ತಿದೆ, ಕೈಕಾಲಿನ ರಕ್ತನಾಳಗಳು ಬಿಗಿದು ಅಂಗೈ ತಣ್ಣಗಾಗಿದೆ. ದೇಹ ಇಷ್ಟು ಹೆಣಗುತ್ತಿರುವುದರಿಂದಲೇ ಬಿಪಿ ನಿಂತಿದೆ. ಅದು ಸೋತು ಬಿಪಿ ಬಿದ್ದ ಮೇಲೆ ನಮ್ಮ ಕೈಯಲ್ಲಿ ಹೆಚ್ಚು ಹೊತ್ತು ಉಳಿದಿರುವುದಿಲ್ಲ.

ಇಂಥವರಿಗೆ ಕುಡಿಯಲು ಕೊಡುವ ಗ್ಲೂಕೋಸ್-ಉಪ್ಪಿನ ನೀರು, ಅಂದರೆ ಒಆರ್‌ಎಸ್ ಕೂಡ ಫಿಸಿಯಾಲಜಿಯ ಕೊಡುಗೆಯೇ. ಸಣ್ಣ ಕರುಳು ಗ್ಲೂಕೋಸನ್ನೂ ಉಪ್ಪಿನಲ್ಲಿರುವ ಸೋಡಿಯಮ್ಮನ್ನೂ ಜೋಡಿಯಾಗಿ ಒಳಗೆಳೆದುಕೊಳ್ಳುತ್ತದೆ ಎಂದು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದರು. ಅವುಗಳ ಬೆನ್ನಿಗೆ ನೀರೂ ಬರುತ್ತದೆ. ಕಾಲರಾ ಬಂದಾಗಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಕುಡಿಸಿದರು. ಶೇ 30ರ ಆಸುಪಾಸಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಅದನ್ನು ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಈ ಪಾಠ ಮಾಡುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಬಾಯಿಪಾಠದ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ಅದಕ್ಕೆ ನಾವು ಕೇಳುವ ಪರೀಕ್ಷೆಯ ಪ್ರಶ್ನೆಗಳೂ ಕಾರಣ. ಎಷ್ಟು ಎಂದು ಕೇಳುವಷ್ಟು ಸಲ ಯಾಕೆ ಎಂದು ನಾವು ಕೇಳುವುದಿಲ್ಲ.

ಮಗಳು ಊರಿಗೆ ಬಂದಾಗ ನೀವೇ ಒಂದು ಪ್ರಶ್ನೆ ಹಾಕಿ: ಎದ್ದು ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಕೆಳಗಿಳಿಯುತ್ತದಂತಲ್ಲ, ಆದರೂ ನಮಗೆ ದಿನಾ ತಲೆ ತಿರುಗುವುದಿಲ್ಲ, ಯಾಕವ್ವಾ? ಪುಸ್ತಕ ಮುಚ್ಚಿಟ್ಟು, ನಿಮಗೆ ತಿಳಿಯುವ ಮಾತಿನಲ್ಲಿ ಹೇಳಲಿ.