ಆಪರೇಷನ್ ಆದ ಮೂರನೇ ದಿನಕ್ಕೆ ‘ಪ್ಯಾಕೇಜ್ ಮುಗೀತು’ ಅಂತಾರೆ, ಇದು ಸರಿಯೇ?

ಪ್ರಶ್ನೆ: ಆಯುಷ್ಮಾನ್ ಕಾರ್ಡಿನಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ಹೊಲಿಗೆ ಇನ್ನೂ ಹಸಿಯಿರುವಾಗಲೇ ‘ಪ್ಯಾಕೇಜ್ ಮುಗೀತು, ನಾಳೆ ಡಿಸ್ಚಾರ್ಜ್’ ಎಂದರು. ಕಾಯಿಲೆಗೆ ಇಂತಿಷ್ಟು ಎಂದು ಮೊದಲೇ ದುಡ್ಡು ಗೊತ್ತುಮಾಡುವುದರಿಂದಲೇ ಹೀಗಾಗುವುದೇ? ಹಾಗಿದ್ದರೆ ಸರ್ಕಾರಗಳು ಈ ಪದ್ಧತಿಯನ್ನು ಏಕೆ ಬಿಡುವುದಿಲ್ಲ?

ಉತ್ತರ: ‘ಪ್ಯಾಕೇಜ್ ಮುಗೀತು’ ಎಂಬ ಮಾತೇ ತಪ್ಪು. ಆಪರೇಷನ್ನಿನ ಪ್ಯಾಕೇಜ್ ಎಂದರೆ ದಿನಗಳ ಲೆಕ್ಕವಲ್ಲ, ಆ ಚಿಕಿತ್ಸೆಗೆ ಒಟ್ಟಾಗಿ ಕೊಡುವ ಮೊತ್ತ. ರೋಗಿ ಚೇತರಿಸಿಕೊಳ್ಳಲು ಇನ್ನೆರಡು ದಿನ ಬೇಕಾದರೆ ಆ ಖರ್ಚು ಸಾಮಾನ್ಯವಾಗಿ ಆಸ್ಪತ್ರೆಯದೇ. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮೊದಲಿನ 3 ದಿನ ಮತ್ತು ಡಿಸ್ಚಾರ್ಜ್ ಆದ ಮೇಲಿನ 15 ದಿನಗಳ ಔಷಧಿ, ತಪಾಸಣೆ ಕೂಡ ಅದೇ ಮೊತ್ತದೊಳಗೆ ಬರುತ್ತವೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ ಎನ್ನುವುದು ನನಗೆ ತುಂಬಾ ಬೇಸರದ ವಿಷಯ.

ಆದರೂ ರೋಗಿಯನ್ನು ಬೇಗ ಮನೆಗೆ ಕಳಿಸುವ ಆತುರ ಆಸ್ಪತ್ರೆಗೆ ಬರುವುದು ದುಡ್ಡಿನ ಲೆಕ್ಕದಿಂದಲೇ. ಬೆಂಗಳೂರಿನ ಆಟೊದ ಹಾಗೆ ನೋಡಿ. ಮೀಟರ್ ಹಾಕಿದ ಆಟೊ ಸುತ್ತಿ ಬಳಸಿ ಹೋದರೂ ಚಾಲಕನಿಗೆ ನಷ್ಟವಿಲ್ಲ. ಇಷ್ಟು ಎಂದು ಮಾತಾಡಿ ಹತ್ತಿದರೆ ಆದಷ್ಟು ಬೇಗ ಇಳಿಸುವುದೇ ಅವನಿಗೆ ಲಾಭ. ಹಾಸಿಗೆ, ಇಂಜೆಕ್ಷನ್, ಸ್ಕ್ಯಾನ್ ಒಂದೊಂದಕ್ಕೂ ಬಿಲ್ ಹಾಕುವ ಆಸ್ಪತ್ರೆ ಮೊದಲನೆಯ ಥರ, ಪ್ಯಾಕೇಜ್ ಪಡೆಯುವ ಆಸ್ಪತ್ರೆ ಎರಡನೆಯ ಥರ.

ಕಾಯಿಲೆಯ ಆಧಾರದ ಮೇಲೆ ದುಡ್ಡು ಕೊಡುವ ಈ ವಿಧಾನಕ್ಕೆ ಡಿಆರ್‌ಜಿ (ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್) ಎಂದು ಹೆಸರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟ್ಟರ್ ಮತ್ತು ಜಾನ್ ಥಾಂಪ್ಸನ್ ಇದನ್ನು ರೂಪಿಸಿದರು. ಒಂದೇ ಬಗೆಯ ಕಾಯಿಲೆ, ಹೆಚ್ಚುಕಡಿಮೆ ಒಂದೇ ಖರ್ಚು ಇರುವ ರೋಗಿಗಳನ್ನು ಒಂದು ಗುಂಪಿಗೆ ಸೇರಿಸಿ, ಗುಂಪಿಗೊಂದು ತೂಕ, ಅಂದರೆ ಖರ್ಚು ಹೆಚ್ಚಿದಷ್ಟೂ ದೊಡ್ಡದಾಗುವ ಒಂದು ಅಂಕಿ, ಕೊಡುತ್ತಾರೆ. ಮೂಲ ದರವನ್ನು ಆ ತೂಕದಿಂದ ಗುಣಿಸಿದರೆ ಆಸ್ಪತ್ರೆಗೆ ಸಿಗುವ ಮೊತ್ತ ಬರುತ್ತದೆ. 1983ರಲ್ಲಿ ಅಲ್ಲಿನ ವೃದ್ಧರ ವಿಮೆಯಾದ ಮೆಡಿಕೇರ್ ಇದನ್ನು ದೇಶಾದ್ಯಂತ ತಂದಿತು. ಅಲ್ಲಿಯವರೆಗೆ ಆಸ್ಪತ್ರೆ ಖರ್ಚು ಮಾಡಿದಷ್ಟೂ ಸರ್ಕಾರ ತುಂಬಿಕೊಡುತ್ತಿತ್ತು, ಹಾಗಾಗಿ ಖರ್ಚಿಗೆ ಕಡಿವಾಣವೇ ಇರಲಿಲ್ಲ.

ಬದಲಾವಣೆ ಬೇಗನೆ ಕಂಡಿತು. ರೋಗಿಗಳು ಆಸ್ಪತ್ರೆಯಲ್ಲಿ ಇರುವ ದಿನಗಳು ಕಡಿಮೆಯಾದವು. ಸಾವು ಹೆಚ್ಚಲಿಲ್ಲ. ಆದರೆ ಹೃದಯ ವೈಫಲ್ಯ, ನ್ಯುಮೋನಿಯಾ, ಸೊಂಟದ ಮೂಳೆ ಮುರಿತದಂಥ ಕಾಯಿಲೆಗಳ ವೃದ್ಧ ರೋಗಿಗಳನ್ನು ಅಧ್ಯಯನ ಮಾಡಿದಾಗ, ಸ್ಥಿತಿ ಇನ್ನೂ ಹದಕ್ಕೆ ಬಾರದೆ ಮನೆಗೆ ಹೋದವರ ಪ್ರಮಾಣ ಸುಮಾರು ಶೇ. 10ರಿಂದ ಶೇ. 15ಕ್ಕೆ ಏರಿತ್ತು. ನಿಮ್ಮ ಅಮ್ಮನ ವಾರ್ಡಿನಲ್ಲಿ ಆದದ್ದೂ ಇದೇ ಜಾತಿಯದು. ಅಮೆರಿಕ ಇದಕ್ಕೆ ಮದ್ದು ಹುಡುಕಿದ್ದು ಬಹಳ ತಡವಾಗಿ: ಕೆಲವು ಕಾಯಿಲೆಗಳಲ್ಲಿ ರೋಗಿಗಳು 30 ದಿನದೊಳಗೆ ಮತ್ತೆ ದಾಖಲಾಗುವುದು ಮಿತಿಮೀರಿದರೆ ಆಸ್ಪತ್ರೆಗೆ ದಂಡ ಹಾಕುವ ಕ್ರಮ 2012ರಲ್ಲಿ ಬಂತು.

ಜರ್ಮನಿಯಲ್ಲಿ ಪೆಟ್ಟು ಬಿದ್ದದ್ದು ನರ್ಸುಗಳಿಗೆ. 2003-04ರಲ್ಲಿ ಡಿಆರ್‌ಜಿ ಬಂದ ಮೇಲೆ, ನಿಗದಿತ ಮೊತ್ತದಲ್ಲಿ ಉಳಿಸಬೇಕೆಂದರೆ ಕೈಗೆ ಸುಲಭವಾಗಿ ಸಿಕ್ಕಿದ್ದು ಶುಶ್ರೂಷೆಯ ಸಿಬ್ಬಂದಿ. ಕಡೆಗೆ 2020ರಲ್ಲಿ ರೋಗಿಯ ಪಕ್ಕದಲ್ಲಿರುವ ನರ್ಸುಗಳ ವೆಚ್ಚವನ್ನು ಆ ಮೊತ್ತದಿಂದ ಹೊರಗಿಟ್ಟು ಬೇರೆಯಾಗಿ ಕೊಡತೊಡಗಿದರು. ಥಾಯ್ಲೆಂಡ್ ಮೊದಲೇ ಎಚ್ಚರಿಕೆ ವಹಿಸಿತ್ತು. ಅಲ್ಲಿನ ಸಾರ್ವತ್ರಿಕ ಯೋಜನೆಯಲ್ಲಿ ಒಳರೋಗಿಗಳಿಗೆ ಡಿಆರ್‌ಜಿ ಇದ್ದರೂ ಅದಕ್ಕೊಂದು ಒಟ್ಟು ಬಜೆಟ್ಟಿನ ಮಿತಿಯಿದೆ. ಹೊರರೋಗಿಗಳಿಗೆ ತಲೆಗಿಷ್ಟು ಎಂದು ಹಣ ಹೋಗುವುದರಿಂದ ಊರಿನ ಆಸ್ಪತ್ರೆಗಳೂ ನಡೆಯುತ್ತವೆ.

ನಮ್ಮಲ್ಲಿರುವುದು ಪೂರ್ಣ ಡಿಆರ್‌ಜಿ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಇಲ್ಲಿ ದರ ನಿಂತಿರುವುದು ಮಾಡಿದ ಚಿಕಿತ್ಸೆಯ ಮೇಲೆ. ನನ್ನ ಪ್ರಕಾರ ಇದರಲ್ಲೇ ದೊಡ್ಡ ಅನ್ಯಾಯವಿದೆ. ನಲವತ್ತರ ಗಟ್ಟಿಮುಟ್ಟಾದ ಮನುಷ್ಯನಿಗೂ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎರಡೂ ಇರುವ ಎಪ್ಪತ್ತರ ಅಜ್ಜಿಗೂ ಅದೇ ಆಪರೇಷನ್ನಿಗೆ ಅದೇ ಮೊತ್ತ. ಅಜ್ಜಿಗೆ ಐಸಿಯು ಬೇಕಾಗಬಹುದು, ಗಾಯ ಮಾಯಲು ವಾರಗಟ್ಟಲೆ ಹಿಡಿಯಬಹುದು. ಆಗ ಕೆಲವು ಕಡೆ ಕೇಳಿಬರುವ ಉತ್ತರ ಒಂದೇ: ‘ಬೆಡ್ ಇಲ್ಲ.’ ಹೀಗೆ ಕೈಬಿಟ್ಟವರೆಲ್ಲ ಕೊನೆಗೆ ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳ ಬಾಗಿಲಿಗೆ ಬರುತ್ತಾರೆ, ಮತ್ತು ಅಲ್ಲಿನ ಖರ್ಚು ಸಹಜವಾಗಿಯೇ ಏರುತ್ತದೆ. ಕಾಯಿಲೆಯ ತೀವ್ರತೆಗೆ ತಕ್ಕ ತೂಕ ಕೊಡುವ ಡಿಆರ್‌ಜಿ ಸರಿಯಾಗಿ ಜಾರಿಯಾದರೆ ಆ ಅಜ್ಜಿಗೆ ಅನುಕೂಲವೇ. ಕೇಂದ್ರದ ಆರೋಗ್ಯ ಪ್ರಾಧಿಕಾರ 2022ರಲ್ಲಿ ಕೇರಳ, ಮಹಾರಾಷ್ಟ್ರ ಸೇರಿ ಕೆಲವು ರಾಜ್ಯಗಳಲ್ಲಿ ಇದರ ಪ್ರಯೋಗಕ್ಕೆ ಕೈಹಾಕಿತು.

ಆದರೆ ತೂಕ ನಿಗದಿಯಾಗುವುದು ದಾಖಲೆಯಿಂದ. ರೋಗಿಗೆ ಏನೇನು ತೊಂದರೆಯಿತ್ತು ಎಂದು ಕೇಸ್ ಶೀಟಿನಲ್ಲಿ ಬರೆಯದಿದ್ದರೆ ಆಸ್ಪತ್ರೆಗೆ ನಷ್ಟ, ಇಲ್ಲದ ತೊಂದರೆ ಬರೆದರೆ ಸರ್ಕಾರಕ್ಕೆ ಮೋಸ. ನೂರಾರು ರೋಗಿಗಳ ನಡುವೆ ಒದ್ದಾಡುವ ಹೌಸ್ ಸರ್ಜನ್ ಗೀಚಿದ ಎರಡು ಸಾಲು ಇದಕ್ಕೆ ಸಾಲದು. ಕೇಸ್ ಶೀಟ್ ಓದಿ ರೋಗಿಯನ್ನು ಸರಿಯಾದ ಗುಂಪಿಗೆ ಸೇರಿಸುವ ತರಬೇತಾದ ಕೋಡಿಂಗ್ ಸಿಬ್ಬಂದಿ, ಅವರ ಲೆಕ್ಕ ತಪಾಸಣೆ ಮಾಡುವ ವೈದ್ಯರು, ಎರಡೂ ಇಲ್ಲದೆ ಈ ಪದ್ಧತಿ ತಂದರೆ ಜಾಣತನದಿಂದ ಬರೆದವರಿಗೇ ಹಣ ಹೋಗುತ್ತದೆ.

ಬೆಂಗಳೂರಿಗೆ ಇನ್ನೊಂದು ಚಿಂತೆಯಿದೆ. ಜಯದೇವಕ್ಕೂ ಕಿದ್ವಾಯಿಗೂ ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ರೋಗಿಗಳು ಬರುತ್ತಾರೆ. ನಗರದವರಿಗೆ ಬೇಗ ಡಿಸ್ಚಾರ್ಜ್ ಎಂದರೆ ಬೇಗ ಮನೆ. ದೂರದವರಿಗೆ ಹಾಗಲ್ಲ. ಡ್ರೆಸ್ಸಿಂಗ್‌ಗೆ ಮತ್ತೆ ಬರಬೇಕಾದ್ದರಿಂದ ಆಸ್ಪತ್ರೆ ಪಕ್ಕದ ಲಾಡ್ಜಿನಲ್ಲೋ ಧರ್ಮಶಾಲೆಯಲ್ಲೋ ಉಳಿಯಬೇಕು, ಜೊತೆಗಿರುವ ಮಗ ಕೂಲಿ ಬಿಡಬೇಕು, ಇಲ್ಲವೇ ರಾತ್ರಿ ಬಸ್ಸಿನಲ್ಲಿ ಹಸಿಗಾಯ ಹೊತ್ತು ಊರಿಗೆ ಹೋಗಬೇಕು. ಸರ್ಕಾರದ ಲೆಕ್ಕದಲ್ಲಿ ಉಳಿದ ದುಡ್ಡು ಈ ಮನೆಯ ಸಾಲದ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಸಿಗೆ ದಿನಗಳಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ, ಮನೆಗೆ ಬರುವ ನರ್ಸಿಗೆ ಹೋಗಲೇಬೇಕು. ಇದನ್ನು ಮಾಡದೆ ಡಿಆರ್‌ಜಿ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸದ್ಯಕ್ಕೆ ನಿಮ್ಮ ಅಮ್ಮನ ವಿಷಯ. ಡಿಸ್ಚಾರ್ಜ್‌ಗೆ ಸಹಿ ಹಾಕುವ ಮುಂಚೆ ಕಾರಣವನ್ನು ಡಾಕ್ಟರ ಬಾಯಿಂದಲೇ ಕೇಳಿ. ಬಿಲ್ಲಿಂಗ್ ಕೌಂಟರಿನವರ ಮಾತು ಸಾಲದು. ಜ್ವರವೋ, ಗಾಯದಲ್ಲಿ ಸೋರಿಕೆಯೋ ಇದ್ದರೆ ಅದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿ. 15 ದಿನದ ಔಷಧಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ, ಅಥವಾ ಕಾರ್ಡಿದ್ದರೂ ಮೇಲೆ ದುಡ್ಡು ಕೇಳಿದರೆ, ಆಸ್ಪತ್ರೆಯಲ್ಲೇ ಇರುವ, ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರಿಗೆ ಹೇಳಿ. ಅಲ್ಲಿ ಕೆಲಸವಾಗದಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.